ಸ್ನ್ಯಾಪ್‌ಪೈ ವಿಮರ್ಶೆ: ಗಂಟು ಗುರುತಿಸುವುದರಲ್ಲಿ ಗಟ್ಟಿ, ದೂರ ಅಳೆಯುವುದರಲ್ಲಿ ಅರ್ಧ ಕೆಲಸ ನಿಮ್ಮದೇ

ಗಂಟು ಸಿದ್ಧಾಂತವನ್ನು (ಎರಡು ತುದಿ ಬೆಸೆದ ದಾರದ ಗಂಟುಗಳ ಗಣಿತ) ಕಂಪ್ಯೂಟರ್ ಇಟ್ಟುಕೊಂಡು ಮಾಡುವವರು ಸಾಮಾನ್ಯವಾಗಿ ಮೊದಲು ಹಾಕಿಕೊಳ್ಳುವ ತಂತ್ರಾಂಶ ಸ್ನ್ಯಾಪ್‌ಪೈ. ಮಾರ್ಕ್ ಕಲ್ಲರ್, ನೇಥನ್ ಡನ್‌ಫೀಲ್ಡ್, ಮಥಾಯಸ್ ಗೋರ್ನರ್ ಇದನ್ನು ಬೆಳೆಸಿದವರು. ಒಳಗಿನ ಎಂಜಿನ್ ಜೆಫ್ ವೀಕ್ಸ್ ಬರೆದ ಸ್ನ್ಯಾಪ್‌ಪೀ. ಬೆಲೆ ಸೊನ್ನೆ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹೈಪರ್ಬೋಲಿಕ್ ಜ್ಯಾಮಿತಿಯಲ್ಲಿ ಇದರ ಹೆಸರು ಎಷ್ಟು ದೊಡ್ಡದೆಂದು ಬಲ್ಲವರಿಗೆ ಹೇಳಬೇಕಿಲ್ಲ. ಈ ವಿಮರ್ಶೆ ನೋಡುವುದು ಒಂದೇ ಬಳಕೆಯನ್ನು: ಎರಡು ಗಂಟು ಅಥವಾ ಎರಡು ಕೊಂಡಿಗಳ (ಹಲವು ಬಳೆಗಳು ಹೆಣೆದುಕೊಂಡವು) ನಡುವಿನ ದೂರ ಹಿಡಿಯಲು ಇದು ಎಷ್ಟು ಒದಗುತ್ತದೆ? ಜೊತೆಗೆ ಗಂಟುಗಳ ವಿವರ ಕೊಡುವ ಜಾಲತಾಣ ನಾಟ್‌ಇನ್ಫೋದ ಪಟ್ಟಿಯನ್ನೂ ಸೇರಿಸಿಕೊಂಡಿದ್ದೇವೆ. ದೂರದ ಕೆಲಸದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬಳಸುವುದು ಕಡಿಮೆ.

ದೂರ ಎಂದರೆ ಇಲ್ಲಿ ಗಾರ್ಡಿಯನ್ ದೂರ. ಚಿತ್ರದಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಹಾಯುವ ಕ್ರಾಸಿಂಗ್‌ನಲ್ಲಿ ಮೇಲಿನ ಎಳೆಯನ್ನು ಕೆಳಕ್ಕೆ ತಂದರೆ ಒಂದು ಹೆಜ್ಜೆ. ಚಿತ್ರವನ್ನು ಬೇಕಾದಂತೆ ಎಳೆದಾಡಲು ಲೆಕ್ಕವಿಲ್ಲ, ಕ್ರಾಸಿಂಗ್ ಬದಲಿಸಿದ್ದಕ್ಕೆ ಮಾತ್ರ ಲೆಕ್ಕ. ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಕನಿಷ್ಠ ಹೆಜ್ಜೆಗಳೇ ದೂರ. ಗಂಟೇ ಇಲ್ಲದ ಬಳೆಗೆ ಇರುವ ದೂರಕ್ಕೆ ಬಿಡಿಸುವ ಸಂಖ್ಯೆ ಎಂದು ಬೇರೆ ಹೆಸರಿದೆ. ಮೇಲಿನ ಮಿತಿ ಬೇಕಾದರೆ ದಾರಿಯೊಂದನ್ನು ಕಂಡುಹಿಡಿದು ತೋರಿಸಬೇಕು. ಕೆಳಗಿನ ಮಿತಿಗೆ ಇನ್ವೇರಿಯಂಟ್ ಬೇಕು, ಅಂದರೆ ಚಿತ್ರ ಹೇಗೆ ಬರೆದರೂ ಬದಲಾಗದ ಬೆಲೆ. ಎರಡು ಮಿತಿ ಕೂಡಿದರೆ ಮಾತ್ರ ಉತ್ತರ ಮುಗಿಯಿತು. ಸ್ನ್ಯಾಪ್‌ಪೈಯಲ್ಲಿ "ದೂರ" ಎಂಬ ಆಜ್ಞೆಯೇ ಇಲ್ಲ. ಸಾಮಾನು ಅದು ಕೊಡುತ್ತದೆ, ಅಡುಗೆ ನೀವು ಮಾಡಿಕೊಳ್ಳಬೇಕು. ಇದನ್ನು ಮೊದಲೇ ತಿಳಿದುಕೊಂಡವರಿಗೆ ನಿರಾಸೆಯಾಗುವುದಿಲ್ಲ.

ಹಾಕಿಕೊಳ್ಳುವುದು

ಪೈಥಾನ್ ಇದ್ದರೆ ಪಿಪ್‌ನಿಂದ ಒಂದೇ ಸಾಲಿನಲ್ಲಿ ಬರುತ್ತದೆ. ಮ್ಯಾಕ್, ವಿಂಡೋಸ್‌ಗೆ ಪೈಥಾನ್ ಬೇಡದ ಸಿದ್ಧ ಆ್ಯಪ್ ಕೂಡ ಇದೆ. ಆದರೆ ಬಹುಪದೋಕ್ತಿ (ಗಂಟಿಗೊಂದರಂತೆ ಬರುವ ಬೀಜಗಣಿತದ ಇನ್ವೇರಿಯಂಟ್) ಬೇಕಾದವರು ಇಲ್ಲೇ ಎಡವುತ್ತಾರೆ. ಬರೀ ಪೈಥಾನ್‌ನಲ್ಲಿ ಹಾಕಿದ ಸ್ನ್ಯಾಪ್‌ಪೈಗೆ ಕೊಂಡಿಯ ಚಿತ್ರ ಸರಳಗೊಳಿಸುವುದು, ಲಿಂಕಿಂಗ್ ಸಂಖ್ಯೆ (ಎರಡು ಬಳೆ ಎಷ್ಟು ಸಲ ಸುತ್ತಿಕೊಂಡಿವೆ ಎಂಬ ಎಣಿಕೆ), ಹೊರಭಾಗದ (ಗಂಟನ್ನು ತೆಗೆದ ಮೇಲೆ ಸುತ್ತ ಉಳಿಯುವ ಜಾಗದ) ಜ್ಯಾಮಿತಿ, ನಾಟ್ ಫ್ಲೋರ್ ಹೋಮಾಲಜಿ ಎಲ್ಲ ಗೊತ್ತು; ಅಲೆಕ್ಸಾಂಡರ್ ಮತ್ತು ಜೋನ್ಸ್ ಬಹುಪದೋಕ್ತಿ ಕೇಳಿದರೆ ಸೇಜ್ (ಸೇಜ್‌ಮ್ಯಾತ್ ಎಂಬ ಗಣಿತ ತಂತ್ರಾಂಶ) ಬೇಕೆಂದು ನಿಲ್ಲುತ್ತದೆ. ಹಾಗಾಗಿ ಮೊದಲು ಸೇಜ್‌ಮ್ಯಾತ್ ಹಾಕಿ, ಆಮೇಲೆ ಸೇಜ್‌ನದೇ ಪಿಪ್‌ನಿಂದ ಸ್ನ್ಯಾಪ್‌ಪೈಯನ್ನು ಅದರೊಳಗೆ ಸೇರಿಸಿ. ಸಿಸ್ಟಮ್‌ನ ಪೈಥಾನ್‌ಗೆ ಹಾಕಿ ಸೇಜ್‌ನಲ್ಲಿ ಹುಡುಕಿದರೆ ಸಿಗದು, ಎರಡರ ಮನೆ ಬೇರೆ. ವಿಂಡೋಸ್‌ನವರಿಗೆ ಸೇಜ್ ಎಂದರೆ ಒಳಗೊಂದು ಲಿನಕ್ಸ್ ಹಾಕಿಕೊಂಡಂತೆಯೇ. ಬಹುಪದೋಕ್ತಿಯ ಆಸೆಯಿಂದ ಸಿದ್ಧ ಆ್ಯಪ್ ಇಳಿಸಿಕೊಂಡವರ ಸಮಯ ವ್ಯರ್ಥ.

ಹದಿನಾಲ್ಕು ಕ್ರಾಸಿಂಗ್‌ವರೆಗಿನ ಗಂಟು-ಕೊಂಡಿಗಳ ಪಟ್ಟಿ ಜೊತೆಯಲ್ಲೇ ಬರುತ್ತದೆ. ಹದಿನೈದರವು ಬೇಕೆಂದರೆ ಪ್ರತ್ಯೇಕ ಪೊಟ್ಟಣ ಹಾಕಬೇಕು. ದೂರದ ಕೆಲಸಕ್ಕೆ ಅದು ಬೇಕೇಬೇಕು ಎನ್ನುವಂತಿಲ್ಲ.

ಗಂಟನ್ನು ಒಳಗೆ ಕೊಡುವುದು

ಮುಖ್ಯವಾಗಿ ನಾಲ್ಕು ದಾರಿಗಳಿವೆ. ಹೆಸರು ಹೇಳುವುದು ಸುಲಭ: 8_20 (ಎಂಟು ಕ್ರಾಸಿಂಗ್‌ಗಳ ಪಟ್ಟಿಯಲ್ಲಿ ಇಪ್ಪತ್ತನೆಯದು) ಎಂದರೂ ಆಗುತ್ತದೆ, ಕೆ11ಎನ್34 ಎಂಬ ಹೋಸ್ಟ್-ಥಿಸಲ್‌ಥ್ವೇಟ್ ಹೆಸರಾದರೂ ಆಗುತ್ತದೆ. ಎರಡನೆಯದು ಜಡೆಯ ಸಂಕೇತ, ಅಂದರೆ 1, 1, 1 ಎಂದು ಕೊಟ್ಟರೆ ಎರಡೆಳೆಯ ಜಡೆಯನ್ನು ಮುಚ್ಚಿದ ಟ್ರೆಫಾಯಿಲ್, ಮೂರು ಕ್ರಾಸಿಂಗ್‌ಗಳ ಅತಿ ಸರಳ ಗಂಟು. ಮೂರನೆಯದು ಪ್ಲಿಂಕ್ ಎಂಬ ಕಿಟಕಿ: ಮೌಸ್‌ನಿಂದ ಗೆರೆ ಎಳೆದು, ಕ್ರಾಸಿಂಗ್ ಮೇಲೆ ಕ್ಲಿಕ್ ಮಾಡಿದರೆ ಮೇಲೆ-ಕೆಳಗೆ ಅದಲುಬದಲು. ಕೈಯಲ್ಲಿ ನಾಲ್ಕೈದು ಉದಾಹರಣೆ ಆಡಿಸಿ ನೋಡಲು ಪ್ಲಿಂಕ್ ಚೆನ್ನ. ಸಾವಿರಗಟ್ಟಲೆ ಗಂಟು ಓಡಿಸಬೇಕಾದರೆ ನಾಲ್ಕನೆಯದೇ ಗತಿ: ಪಿಡಿ ಕೋಡ್.

ಪಿಡಿ ಕೋಡ್‌ನಲ್ಲಿ ಎಳೆಯ ತುಂಡುಗಳಿಗೆ ನಡೆವ ದಿಕ್ಕಿನಲ್ಲಿ ಅಂಕಿ ಹಾಕಿ, ಪ್ರತಿ ಕ್ರಾಸಿಂಗ್‌ಗೆ ನಾಲ್ಕು ಅಂಕಿ ಬರೆಯುತ್ತೇವೆ. ಕೆಳಗಿನಿಂದ ಒಳಬರುವ ತುಂಡು ಮೊದಲು, ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಉಳಿದ ಮೂರು. ಅವು ಅ, ಬ, ಕ, ಡ ಆಗಿರಲಿ. ಕೆಳಗಿನ ಎಳೆ ಅ-ದಿಂದ ಕ-ಗೆ ಹೋಗುತ್ತದೆ. ಮೇಲಿನದು ಬ-ದಿಂದ ಡ-ಗೆ ಹೋಗುತ್ತಿದ್ದರೆ, ಕ್ರಾಸಿಂಗ್ ಬದಲಿಸಿದ ಹೊಸ ಸಾಲು ಬ, ಕ, ಡ, ಅ. ಡ-ದಿಂದ ಬ-ಗೆ ಹೋಗುತ್ತಿದ್ದರೆ ಡ, ಅ, ಬ, ಕ. ಇಷ್ಟೇ. ಒಂದು ಕ್ರಾಸಿಂಗ್ ಬದಲಾವಣೆ ಎಂದರೆ ಒಂದು ಸಾಲನ್ನು ಒಂದು ಮನೆ ತಿರುಗಿಸುವುದು. ಉಳಿದ ಸಾಲುಗಳನ್ನು ಮುಟ್ಟುವಂತಿಲ್ಲ. ದಿಕ್ಕು ತಿಳಿಯುವುದು ಅಂಕಿಯಿಂದ: ಡ ಎಂಬುದು ಬ-ಗಿಂತ ಒಂದು ಹೆಚ್ಚಿದ್ದರೆ ಬ-ದಿಂದ ಡ-ಗೆ. ಸುತ್ತು ಮುಗಿದು ಕೊನೆಯ ಅಂಕಿಯಿಂದ ಮೊದಲ ಅಂಕಿಗೆ ಹಾರುವಲ್ಲಿ ಮಾತ್ರ ಎಚ್ಚರ.

ಒಂದು ಬಳೆಯಲ್ಲಿ ಎರಡೇ ತುಂಡು ಇದ್ದರೆ ಈ ಉಪಾಯವೂ ಕೈಕೊಡುತ್ತದೆ. ಹಾಫ್ ಕೊಂಡಿಯಲ್ಲಿ (ಒಂದರೊಳಗೊಂದು ಸಿಕ್ಕಿದ ಎರಡು ಬಳೆ) ಹಾಗೇ ಆಗುತ್ತದೆ. 1 ಮತ್ತು 2 ಎಂಬ ಎರಡೇ ಅಂಕಿಗಳಿರುವಾಗ 1 ಆದ ಮೇಲೆ 2, 2 ಆದ ಮೇಲೆ 1, ಎರಡೂ ಸರಿ. ದಿಕ್ಕು ಕೋಡ್‌ನಿಂದ ನಿರ್ಧಾರವಾಗದು. ಲಿಂಕಿಂಗ್ ಸಂಖ್ಯೆಯ ಚಿಹ್ನೆ ತಲೆಕೆಳಗಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಅಂಥ ಬಳೆಗೆ ಒಂದು ಸುಮ್ಮನೆ ಸುರುಳಿ ಸೇರಿಸಿ ಕೋಡ್ ಬರೆದರೆ ತೊಂದರೆ ತಪ್ಪುತ್ತದೆ. ಇನ್ನೊಂದು ಸಣ್ಣ ಕಿರಿಕಿರಿ: ಸ್ನ್ಯಾಪ್‌ಪೈ ತಾನಾಗಿ ಬರೆಯುವ ಪಿಡಿ ಕೋಡ್ 0ಯಿಂದ ಶುರು, ನಾಟ್‌ಇನ್ಫೋದ್ದು 1ರಿಂದ. ಕನಿಷ್ಠ ಅಂಕಿ ಎಷ್ಟಿರಬೇಕೆಂದು ಹೇಳುವ ಆಯ್ಕೆ ಇದೆ, ಅದನ್ನು 1 ಮಾಡಿಟ್ಟುಕೊಳ್ಳಿ.

ಚಿತ್ರ ಸರಳಗೊಳಿಸುವ ಸಿಂಪ್ಲಿಫೈ ಆಜ್ಞೆ ಈ ತಂತ್ರಾಂಶದ ಮುಖ್ಯ ಬಲಗಳಲ್ಲೊಂದು. ಬೇಸಿಕ್, ಲೆವೆಲ್, ಪಿಕಪ್, ಗ್ಲೋಬಲ್ ಎಂದು ನಾಲ್ಕು ಹಂತಗಳು. ದೂರದ ಕೆಲಸಕ್ಕೆ ಗ್ಲೋಬಲ್ ಬಿಟ್ಟು ಬೇರೆಯದನ್ನು ನಂಬಿ ಕೂರಬೇಡಿ. ಆಜ್ಞೆ ಚಿತ್ರವನ್ನು ಇದ್ದಲ್ಲೇ ಬದಲಿಸುತ್ತದೆ, ಹಿಂದಿರುಗಿಸುವುದು ಸರಳವಾಯಿತೋ ಇಲ್ಲವೋ ಎಂಬ ಹೌದು-ಅಲ್ಲ ಮಾತ್ರ. ಫಲಿತಾಂಶವನ್ನು ಅದೇ ಹೆಸರಿಗೆ ಹಿಡಿದಿಟ್ಟರೆ ಕೊಂಡಿ ಹೋಗಿ ಆ ಜಾಗದಲ್ಲಿ "ಹೌದು" ಕೂರುತ್ತದೆ. ಮೊದಲು ನಕಲು ಮಾಡಿ, ನಕಲನ್ನು ಸರಳಗೊಳಿಸಿ. ಕ್ರಾಸಿಂಗ್ ಸೊನ್ನೆಗೆ ಇಳಿದರೆ ಗಂಟು ಬಿಚ್ಚಿತು ಎಂದರ್ಥ. ಹಾಗಾಗಿದೆಯೇ ಎಂದು ನೋಡಿಕೊಂಡೇ ಜ್ಯಾಮಿತಿಯ ಆಜ್ಞೆಗೆ ಹೋಗಿ. ಸೊನ್ನೆಗೆ ಇಳಿಯದಿದ್ದರೆ ಗಂಟು ಇದೆ ಎಂದು ಮಾತ್ರ ಹೇಳಬೇಡಿ, ಅದು ಸಾಕ್ಷಿಯಲ್ಲ.

ಬಹುಪದೋಕ್ತಿಗಳು: ಚಿಹ್ನೆಯ ಜಗಳ

ಅಲೆಕ್ಸಾಂಡರ್‌ನದು 1928ರದ್ದು, ಜೋನ್ಸ್‌ನದು 1984ರಲ್ಲಿ ಸಿಕ್ಕಿದ್ದು, ಎರಡನ್ನೂ ಒಳಗೊಳ್ಳುವ ಹೋಮ್‌ಫ್ಲೈ ಮರುವರ್ಷದ್ದು. ಸ್ನ್ಯಾಪ್‌ಪೈ ನೇರವಾಗಿ ಮೊದಲಿನ ಎರಡನ್ನು ಕೊಡುತ್ತದೆ. ಹೋಮ್‌ಫ್ಲೈ ಬೇಕಾದರೆ ಕೊಂಡಿಯನ್ನು ಸೇಜ್‌ನ ಕೊಂಡಿಯಾಗಿ ಬದಲಿಸಿಕೊಳ್ಳಬೇಕು, ಅದಕ್ಕೊಂದು ಆಜ್ಞೆ ಇದೆ.

ಲೆಕ್ಕ ತಪ್ಪುವುದು ಅಪರೂಪ. ರೂಢಿ ತಪ್ಪುವುದು ದಿನನಿತ್ಯ. ಒಬ್ಬರ ಬಲಗೈ ಟ್ರೆಫಾಯಿಲ್ ಇನ್ನೊಬ್ಬರ ಪಟ್ಟಿಯಲ್ಲಿ ಎಡಗೈ. ಒಬ್ಬರಿಗೆ ಧನ ಗಂಟಿನ ಸಿಗ್ನೇಚರ್ (ಪೂರ್ಣಾಂಕವಾಗಿ ಬರುವ ಒಂದು ಇನ್ವೇರಿಯಂಟ್) ಋಣ, ಇನ್ನೊಬ್ಬರಿಗೆ ಧನ. ಸ್ನ್ಯಾಪ್‌ಪೈ ತಾನೇ ನಡುವೆ ರೂಢಿ ಬದಲಿಸಿದೆ, ಹಳೆಯದು ಬೇಕಾದವರಿಗೆ ಆಯ್ಕೆಯನ್ನೂ ಇಟ್ಟಿದೆ. ಹಾಗಾಗಿ ಹೊಸ ಯಂತ್ರದಲ್ಲಿ ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷೆ: 1, 1, 1 ಜಡೆ ಮುಚ್ಚಿ, ಅದರ ರೈತ್ (ಧನ ಕ್ರಾಸಿಂಗ್‌ಗಳ ಎಣಿಕೆಯಿಂದ ಋಣದವನ್ನು ಕಳೆದದ್ದು) ಕೇಳಿ. 3 ಬಂದರೆ ಬಲಗೈ, −3 ಬಂದರೆ ಎಡಗೈ. ಬಲಗೈಯದಾದರೆ ಜೋನ್ಸ್ ಬಹುಪದೋಕ್ತಿ ಟಿ + ಟಿ³ − ಟಿ⁴ ಆಗಬೇಕು. ಘಾತಗಳೆಲ್ಲ ಋಣವಾಗಿ ಬಂದರೆ ರೂಢಿ ಕನ್ನಡಿಯಲ್ಲಿದೆ. ಸಿಗ್ನೇಚರ್ ಚಿಹ್ನೆಯನ್ನೂ ಇದೇ ಗಂಟಿನ ಮೇಲೆ ಬರೆದಿಟ್ಟುಕೊಳ್ಳಿ. ಎಂಟಾಕಾರದ ಗಂಟು 4_1ರ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅದು ತನ್ನ ಕನ್ನಡಿ ಬಿಂಬವೇ.

ವೇಗದ ವಿಷಯ. ಜೋನ್ಸ್ ಬಹುಪದೋಕ್ತಿ ಪೂರ್ತಿ ಲೆಕ್ಕ ಹಾಕುವುದು ಸಾಮಾನ್ಯವಾಗಿ ಕಷ್ಟದ ಸಮಸ್ಯೆ ಎಂದು ಯೇಗರ್, ವರ್ಟಿಗನ್, ವೆಲ್ಷ್ 1990ರಲ್ಲೇ ತೋರಿಸಿದ್ದಾರೆ. ಆದರೆ ಕೆಲವೇ ಕೆಲವು ಬಿಂದುಗಳಲ್ಲಿ ಅದರ ಬೆಲೆ ಸಲೀಸಾಗಿ ಸಿಗುತ್ತದೆ, ಮತ್ತು ದೂರದ ಕೆಲಸಕ್ಕೆ ಬೇಕಾದ ಮುಖ್ಯ ಬಿಂದು ಆ ಕೆಲವುಗಳಲ್ಲಿ ಒಂದು. ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುವುದಾದರೆ ಮುಂದಿನದನ್ನು ಓದಿ.

ಒಮೆಗಾ ಬೆಲೆ

ಟಿ-ಗೆ 60 ಡಿಗ್ರಿಯಲ್ಲಿರುವ ಏಕಮಾನ ಸಂಕೀರ್ಣ ಸಂಖ್ಯೆಯನ್ನು ಹಾಕಿ, ಅದನ್ನು ಒಮೆಗಾ ಎನ್ನೋಣ. ಅಲ್ಲಿ ಜೋನ್ಸ್ ಬಹುಪದೋಕ್ತಿಯ ಬೆಲೆ ಎಂಥ ಕೊಂಡಿಗೂ ಒಂದೇ ಅಚ್ಚಿನಲ್ಲಿ ಬರುತ್ತದೆ: 1, −1, ಐ, −ಐ ಇವುಗಳಲ್ಲೊಂದನ್ನು √3ರ ಯಾವುದೋ ಘಾತದಿಂದ ಗುಣಿಸಿದಂತೆ. ಆ ಘಾತ ಎಷ್ಟೆಂದರೆ, ಗಂಟಿನ ಎರಡು ಮಡಿಕೆಯ ಕವಲು ಹೊದಿಕೆಯ ಮೊದಲ ಹೋಮಾಲಜಿಯನ್ನು 3ರ ಶೇಷದಲ್ಲಿ ನೋಡಿದಾಗಿನ ಆಯಾಮ. 1986ರಲ್ಲಿ ಲಿಕರಿಶ್ ಮತ್ತು ಮಿಲೆಟ್ ಕೊಟ್ಟ ಫಲಿತಾಂಶ ಇದು. ಇದಕ್ಕೆ ಬಹುಪದೋಕ್ತಿಯೇ ಬೇಡ: ಸೈಫರ್ಟ್ ಮಾತೃಕೆಗೆ (ಗಂಟು ಅಂಚಾಗಿರುವ ಮೇಲ್ಮೈಯಿಂದ ಬರುವ ಅಂಕಿಗಳ ಚೌಕ) ಅದರ ತಿರುವು ಮಾತೃಕೆಯನ್ನು ಕೂಡಿಸಿ, 3ರ ಶೇಷದಲ್ಲಿ ಶ್ರೇಣಿ ತೆಗೆದು, ಗಾತ್ರದಿಂದ ಕಳೆದರೆ ಘಾತ ಸಿಕ್ಕಿತು. ದೊಡ್ಡ ಗಂಟಿಗೂ ಇದು ಕ್ಷಣದ ಕೆಲಸ. ಚಿಹ್ನೆ ಬೇಕಾದಾಗ ಮಾತ್ರ ಬಹುಪದೋಕ್ತಿಗೆ ಹೋಗಿ.

ಕ್ರಾಸಿಂಗ್ ಬದಲಾದಾಗ ಏನಾಗುತ್ತದೆ? ಧನ ಕ್ರಾಸಿಂಗ್ ಇರುವ ಕೊಂಡಿಯ ಒಮೆಗಾ ಬೆಲೆಯನ್ನು, ಅದೇ ಕ್ರಾಸಿಂಗ್ ಋಣವಾದ ಕೊಂಡಿಯ ಬೆಲೆಯಿಂದ ಭಾಗಿಸಿ. ಬರಬಹುದಾದದ್ದು 1, −1, ಐ√3, ಐ/√3 ಈ ನಾಲ್ಕು ಮಾತ್ರ. ಸ್ಕೀನ್ ಸಂಬಂಧಕ್ಕೆ (ಒಂದೇ ಜಾಗದಲ್ಲಿ ಧನ, ಋಣ, ಬಿಡಿಸಿ ಜೋಡಿಸಿದ ಮೂರು ಕೊಂಡಿಗಳ ಜೋನ್ಸ್ ಬಹುಪದೋಕ್ತಿಗಳನ್ನು ಹೆಣೆಯುವ ಸಮೀಕರಣ) ಒಮೆಗಾ ಹಾಕಿದರೆ ಯಾರಾದರೂ ಪರೀಕ್ಷಿಸಿಕೊಳ್ಳಬಹುದು: −ಐ√3 ಎಂದು ಇಟ್ಟುಕೊಂಡರೆ ಎಳೆ ಬಿಡಿಸಿ ಜೋಡಿಸಿದ ಮೂರನೆಯ ಕೊಂಡಿಯ ಪಾಲಿಗೆ √7 ಬಂದು ನಿಲ್ಲುತ್ತದೆ, √3ರ ಘಾತವಲ್ಲದ್ದು ಅಲ್ಲಿ ಬರುವಂತಿಲ್ಲ. ಚಿಹ್ನೆಯ ಈ ಏಕಪಕ್ಷೀಯತೆಯೇ ಅಸ್ತ್ರ.

ಬಲಗೈ ಟ್ರೆಫಾಯಿಲ್ ಮತ್ತು ಎಂಟಾಕಾರದ ಗಂಟನ್ನು ತೆಗೆದುಕೊಳ್ಳಿ. ಎರಡನ್ನೂ ಒಂದೊಂದು ಹೆಜ್ಜೆಯಲ್ಲಿ ಬಿಡಿಸಬಹುದು, ಆದ್ದರಿಂದ ಬಳೆಯ ಮೂಲಕ ಹೋದರೆ ದೂರ ಹೆಚ್ಚೆಂದರೆ 2. ಸಿಗ್ನೇಚರ್ −2 ಮತ್ತು 0, ವ್ಯತ್ಯಾಸದ ಅರ್ಧ ದೂರದ ಕೆಳಮಿತಿ, ಇಲ್ಲಿ 1. ಹಾಗಾದರೆ ದೂರ ಒಂದೋ, ಎರಡೋ? ಸಿಗ್ನೇಚರ್ ಒಂದರಿಂದಲೇ ತೀರ್ಮಾನವಾಗದು. ಒಮೆಗಾ ಬೆಲೆ ತೆಗೆಯಿರಿ. ಟ್ರೆಫಾಯಿಲ್‌ಗೆ ಒಮೆಗಾ + ಒಮೆಗಾ³ − ಒಮೆಗಾ⁴. ಒಮೆಗಾದ ಘನ −1, ನಾಲ್ಕನೇ ಘಾತ −ಒಮೆಗಾ, ಒಟ್ಟು ಎರಡು ಒಮೆಗಾ ಮೈನಸ್ ಒಂದು, ಅಂದರೆ ಐ√3. ಎಂಟಾಕಾರದ್ದಕ್ಕೆ −1. ಈಗ ಒಂದೇ ಹೆಜ್ಜೆ ಸಾಕು ಎಂದುಕೊಳ್ಳೋಣ. ಧನ ಪಕ್ಷ ಟ್ರೆಫಾಯಿಲ್ ಆದರೆ ಭಾಗಲಬ್ಧ −ಐ√3, ನಾಲ್ಕರ ಪಟ್ಟಿಯಲ್ಲಿಲ್ಲ. ಧನ ಪಕ್ಷ ಎಂಟಾಕಾರದ್ದಾದರೆ ಐ/√3, ಪಟ್ಟಿಯಲ್ಲಿದೆ. ಆದರೆ ಧನದಿಂದ ಋಣಕ್ಕೆ ಹೋದಾಗ ಸಿಗ್ನೇಚರ್ (ಬಲಗೈ ಟ್ರೆಫಾಯಿಲ್‌ಗೆ −2 ಎಂಬ ರೂಢಿಯಲ್ಲಿ) ಏರಬಹುದು, ಇಳಿಯುವಂತಿಲ್ಲ. ಇಲ್ಲಿ 0ಯಿಂದ −2ಕ್ಕೆ ಇಳಿಯುತ್ತಿದೆ. ಎರಡು ದಾರಿಯೂ ಮುಚ್ಚಿತು. ದೂರ 2, ಅನುಮಾನವಿಲ್ಲದೆ. ಎಂಟಾಕಾರದ್ದು ಕನ್ನಡಿಯಲ್ಲೂ ತಾನೇ ಆದ್ದರಿಂದ ಎಡಗೈ ಟ್ರೆಫಾಯಿಲ್‌ಗೂ ಅದೇ ಉತ್ತರ.

ಸಿಗ್ನೇಚರ್ ಮಾತ್ರ ಇದ್ದಿದ್ದರೆ, ಒಮೆಗಾ ಮಾತ್ರ ಇದ್ದಿದ್ದರೆ ಇದು ಬರುತ್ತಿರಲಿಲ್ಲ. ಸ್ನ್ಯಾಪ್‌ಪೈ ಈ ಎರಡೂ ಬೆಲೆಗಳನ್ನು ಕೊಟ್ಟು ಸುಮ್ಮನಾಗುತ್ತದೆ. ಚಿಹ್ನೆ ಹಿಡಿದು ಇವುಗಳನ್ನು ಕೂಡಿಸುವ ಹತ್ತು ಸಾಲಿನ ಕೋಡ್ ನೀವು ಬರೆಯಬೇಕು. ಬಳಕೆದಾರರ ಕಡೆಯಿಂದ ನಮ್ಮ ದೊಡ್ಡ ಬೇಡಿಕೆ ಇದೇ, ಇಷ್ಟು ಸಣ್ಣ ಕೆಲಸ ಒಳಗೇ ಇರಬಹುದಿತ್ತು.

ಸಿಗ್ನೇಚರ್ ಸೊನ್ನೆಯಾಗಿ ಕೈಚೆಲ್ಲುವಲ್ಲಿ ಒಮೆಗಾ ಒಂಟಿಯಾಗಿಯೇ ನಿಲ್ಲುವುದೂ ಉಂಟು. ಬಲಗೈ, ಎಡಗೈ ಟ್ರೆಫಾಯಿಲ್‌ಗಳನ್ನು ಒಂದೇ ದಾರದಲ್ಲಿ ಕಟ್ಟಿದ ಚೌಕ ಗಂಟಿಗೆ ಸಿಗ್ನೇಚರ್ 0, ಒಮೆಗಾ ಬೆಲೆ 3. ಘಾತ 2, ಪ್ರತಿ ಹೆಜ್ಜೆಗೆ ಘಾತ ಒಂದರಷ್ಟೇ ಬದಲಾಗುತ್ತದೆ, ಆದ್ದರಿಂದ ಬಿಡಿಸುವ ಸಂಖ್ಯೆ 2ಕ್ಕಿಂತ ಕಡಿಮೆಯಿಲ್ಲ. ಎರಡು ಹೆಜ್ಜೆ ಸಾಕೆಂಬುದು ಕಣ್ಣಿಗೇ ಕಾಣುತ್ತದೆ.

ಲೆಕ್ಕವನ್ನು ದಶಮಾಂಶದಲ್ಲಿ ಮಾಡಬೇಡಿ. ಸೇಜ್‌ನಲ್ಲಿ 12ನೇ ಏಕಮೂಲದ ಸೈಕ್ಲೋಟಾಮಿಕ್ ಕ್ಷೇತ್ರ ಕಟ್ಟಿ, ಅದರ ಜನಕವನ್ನು ಟಿ-ಯ ವರ್ಗಮೂಲವಾಗಿ ಹಾಕಿದರೆ ಐ-ಯೂ ಐ√3-ಯೂ ಅದರೊಳಗೇ ನಿಖರವಾಗಿ ಕೂರುತ್ತವೆ. ವರ್ಗಮೂಲ ಯಾಕೆಂದರೆ, ಸಮ ಸಂಖ್ಯೆಯ ಬಳೆಗಳಿರುವ ಕೊಂಡಿಗೆ ಜೋನ್ಸ್ ಬಹುಪದೋಕ್ತಿಯಲ್ಲಿ ಅರ್ಧ ಘಾತಗಳು ಬರುತ್ತವೆ. 30 ಡಿಗ್ರಿಯ ವರ್ಗಮೂಲವನ್ನೇ ಹಾಕಬೇಕು. 210 ಡಿಗ್ರಿಯದನ್ನು ಹಾಕಿದರೆ ಅಂಥ ಕೊಂಡಿಗಳ ಚಿಹ್ನೆ ಮಾತ್ರ ತಿರುಗಿ, ಗಂಟುಗಳದ್ದು ಹಾಗೇ ಉಳಿದು, ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿ ಮಧ್ಯಾಹ್ನ ಹೋಗುತ್ತದೆ. ಸರಿಯಿದೆಯೇ ಎಂದು ನೋಡಲು ಬಿಡಿ ಬಿಡಿಯಾದ ಎರಡು ಬಳೆ ಸಾಕು: ಬೆಲೆ −√3 ಬರಬೇಕು.

ಡಿಎನ್‌ಎ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ದೂರ ಮುಖ್ಯ. ಟೈಪ್ 2 ಟೊಪೊಐಸೊಮರೇಸ್ ಎಂಬ ಕಿಣ್ವ ಕ್ರಾಸಿಂಗ್ ಬದಲಿಸುತ್ತದೆ, ಆದರೆ ಎಕ್ಸ್‌ಇಆರ್ ಮಾದರಿಯ ರೀಕಾಂಬಿನೇಸ್ ಎರಡು ಎಳೆ ಕತ್ತರಿಸಿ ಅಡ್ಡಡ್ಡ ಜೋಡಿಸುತ್ತದೆ. ದಿಕ್ಕು ಕೆಡದಂತೆ ಪಟ್ಟಿ ಹೊಲಿದಂಥ ಆ ಹೆಜ್ಜೆಗೆ ಒಮೆಗಾ ಬೆಲೆಗಳ ಭಾಗಲಬ್ಧ ಐ, −ಐ, −√3, −1/√3 ಇವುಗಳಲ್ಲೊಂದು. ಕಾನೆನೊಬು ಟೈಜೊ ಇದನ್ನು ಗಂಟು-ಕೊಂಡಿಗಳ ಪಟ್ಟಿಗಳ ಮೇಲೆ ಚೆನ್ನಾಗಿ ಬಳಸಿದ್ದಾರೆ. ಇಲ್ಲಿ ಪ್ರತಿ ಹೆಜ್ಜೆಗೂ ಬಳೆಗಳ ಸಂಖ್ಯೆ ಒಂದು ಏರುತ್ತದೆ ಅಥವಾ ಇಳಿಯುತ್ತದೆ, ಆದ್ದರಿಂದ ಮೇಲೆ ಹೇಳಿದ ವರ್ಗಮೂಲದ ಎಚ್ಚರ ಪ್ರತಿ ಸಲವೂ ಬೇಕು.

ಬಹುಪದೋಕ್ತಿ ಕುರುಡಾಗುವಲ್ಲಿ

5_1 ಮತ್ತು 10_132, ಅಲೆಕ್ಸಾಂಡರ್ ಒಂದೇ, ಜೋನ್ಸ್ ಒಂದೇ. ಬಹುಪದೋಕ್ತಿಯನ್ನೇ ನೋಡುತ್ತ ಕುಳಿತರೆ ದೂರ ಸೊನ್ನೆ ಎಂದು ಭ್ರಮೆ ಬರಬಹುದು. ಸಿಗ್ನೇಚರ್ ಕೇಳಿ: ಒಂದಕ್ಕೆ 4 (ಚಿಹ್ನೆ ಬಿಟ್ಟು), ಇನ್ನೊಂದಕ್ಕೆ 0. ದೂರ ಕನಿಷ್ಠ 2. ಕಾನ್ವೇ ಗಂಟು 11ಎನ್34, ಕಿನೋಶಿಟಾ-ಟೆರಸಾಕಾ ಗಂಟು 11ಎನ್42 ಜೋಡಿ ಇನ್ನೂ ಮೊಂಡು. ಮ್ಯುಟೆಂಟ್‌ಗಳಾದ್ದರಿಂದ (ಒಂದರ ಚಿತ್ರದ ತುಂಡೊಂದನ್ನು ಕತ್ತರಿಸಿ ತಿರುಗಿಸಿ ಅಂಟಿಸಿದರೆ ಇನ್ನೊಂದು) ಅಲೆಕ್ಸಾಂಡರ್ (ಎರಡಕ್ಕೂ ಬರೀ 1), ಜೋನ್ಸ್, ಹೋಮ್‌ಫ್ಲೈ ಮಾತ್ರವಲ್ಲ, ಹೈಪರ್ಬೋಲಿಕ್ ಘನಫಲ ಕೂಡ ಒಂದೇ. ಇಲ್ಲಿ ನಾಟ್ ಫ್ಲೋರ್ ಹೋಮಾಲಜಿಯ ಆಜ್ಞೆ ಕೈ ಹಿಡಿಯುತ್ತದೆ: ಕಾನ್ವೇಯದಕ್ಕೆ ಜೀನಸ್ (ಗಂಟು ಅಂಚಾಗಿರುವ ಮೇಲ್ಮೈಗೆ ಕನಿಷ್ಠ ಬೇಕಾದ ಹಿಡಿಕೆಗಳ ಸಂಖ್ಯೆ) 3, ಇನ್ನೊಂದಕ್ಕೆ 2. ಒಳಗಿರುವುದು ಜೋಲ್ಟಾನ್ ಸಾಬೋ ಬರೆದ ಪ್ರೋಗ್ರಾಂ. ಸೇಜ್ ಬೇಡ, ನೂರಕ್ಕೂ ಹೆಚ್ಚು ಕ್ರಾಸಿಂಗ್‌ಗಳ ಚಿತ್ರವನ್ನೂ ಅಳುಕದೆ ಮಾಡುತ್ತದೆ. ಜೀನಸ್, ಫೈಬರ್ ಆಗುತ್ತದೆಯೇ ಎಂಬುದರ ಜೊತೆಗೆ ಟೌ ಎಂಬ ಪೂರ್ಣಾಂಕವೂ ಬರುತ್ತದೆ. ಟೌಗಳ ವ್ಯತ್ಯಾಸವೂ ದೂರದ ಕೆಳಮಿತಿ, ಮತ್ತು ಸಿಗ್ನೇಚರ್‌ನಂತೆ ಅದೂ ಕ್ರಾಸಿಂಗ್‌ನ ಚಿಹ್ನೆಗೆ ತಕ್ಕಂತೆ ಒಂದೇ ಕಡೆಗೆ ಚಲಿಸುತ್ತದೆ. ಸೇಜ್ ಹಾಕಲಾಗದವರು ಇದರಿಂದಲೇ ಬಹಳ ದೂರ ಹೋಗಬಹುದು. ಒಂದು ಕೊರತೆ: ಆಜ್ಞೆ ಗಂಟುಗಳಿಗೆ ಮಾತ್ರ, ಹಲವು ಬಳೆಗಳ ಕೊಂಡಿಗೆ ಇಲ್ಲ.

ಕೊಂಡಿಗಳಿಗೆ ಮೊದಲು ನೋಡಬೇಕಾದದ್ದು ಲಿಂಕಿಂಗ್ ಸಂಖ್ಯೆಯೇ. ಎರಡು ಬೇರೆ ಬಳೆಗಳ ನಡುವಿನ ಕ್ರಾಸಿಂಗ್ ಬದಲಾದರೆ ಅದು ಒಂದು ಏರುತ್ತದೆ ಅಥವಾ ಇಳಿಯುತ್ತದೆ, ಒಂದೇ ಬಳೆಯೊಳಗಿನದು ಬದಲಾದರೆ ಅಲುಗುವುದಿಲ್ಲ. ಬೇರೆ ಬಳೆಗಳ ನಡುವಿನ ಹೆಜ್ಜೆಗಳ ಸಮ-ಬೆಸವೂ ಇದರಿಂದ ಸಿಗುತ್ತದೆ. ವೈಟ್‌ಹೆಡ್ ಕೊಂಡಿ ಒಂದೇ ಹೆಜ್ಜೆಯಲ್ಲಿ ಬಿಚ್ಚುತ್ತದೆ, ಲಿಂಕಿಂಗ್ ಸಂಖ್ಯೆ 0. ಆದ್ದರಿಂದ ಆ ಹೆಜ್ಜೆ ಒಂದೇ ಬಳೆಯೊಳಗಿನದೇ ಇರಬೇಕು.

ಗುರುತಿಸುವಿಕೆ

ಕ್ರಾಸಿಂಗ್ ಬದಲಿಸಿ, ಸರಳಗೊಳಿಸಿದ ಮೇಲೆ ಸಿಕ್ಕಿದ್ದು ಯಾವ ಗಂಟು? ಹೊರಭಾಗ ತೆಗೆದು ಐಡೆಂಟಿಫೈ ಎನ್ನಿ, ಹೆಸರುಗಳ ಪಟ್ಟಿ ಬರುತ್ತದೆ. ಈ ಒಂದು ಆಜ್ಞೆಗಾಗಿಯೇ ಸ್ನ್ಯಾಪ್‌ಪೈ ಇಟ್ಟುಕೊಳ್ಳಬಹುದು. ಆದರೆ ಹೆಸರು ಕನ್ನಡಿ ಬಿಂಬವನ್ನು ಬೇರೆ ಮಾಡುವುದಿಲ್ಲ. ಸಿಕ್ಕಿದ್ದು 5_2 ಎಂದರೆ ಅದು ಬಲವೋ ಎಡವೋ ಎಂದು ಸಿಗ್ನೇಚರ್‌ನಿಂದ, ಅದು ಸೊನ್ನೆಯಾದರೆ ಜೋನ್ಸ್‌ನಿಂದ ನೋಡಬೇಕು. ದೂರದ ಪಟ್ಟಿಗಳಲ್ಲಿ ಕಾಣುವ ತಪ್ಪುಗಳ ತವರು ಇದೇ.

ಗಂಟನ್ನು ಅದರ ಹೊರಭಾಗ ನಿರ್ಧರಿಸುತ್ತದೆ ಎಂದು ಗಾರ್ಡನ್ ಮತ್ತು ಲ್ಯೂಕಿ 1989ರಲ್ಲಿ ಸಾಧಿಸಿದ್ದಾರೆ. ಕೊಂಡಿಗೆ ಆ ಮಾತು ನಡೆಯದು. ವೈಟ್‌ಹೆಡ್ ಕೊಂಡಿಯ ಒಂದು ಬಳೆ ಹರಡಿದ ತಟ್ಟೆಯನ್ನು ಕತ್ತರಿಸಿ ಪೂರ್ತಿ ಸುತ್ತು ತಿರುಗಿಸಿ ಅಂಟಿಸಿದರೆ ಕೊಂಡಿ ಬದಲಾಗುತ್ತದೆ, ಹೊರಭಾಗ ಬದಲಾಗದು. ಹೀಗೆ ಮುಗಿಯದಷ್ಟು ಕೊಂಡಿಗಳು ಒಂದೇ ಹೊರಭಾಗ ಹಂಚಿಕೊಳ್ಳುತ್ತವೆ. ಆದ್ದರಿಂದ ಕೊಂಡಿಗಳಲ್ಲಿ ಐಡೆಂಟಿಫೈ ಹೇಳಿದ ಹೆಸರನ್ನು ನೇರ ಬರೆದುಕೊಳ್ಳಬೇಡಿ. ಐಸೊಮೆಟ್ರಿಗಳನ್ನು ಹಿಂದಿರುಗಿಸುವಂತೆ ಕೇಳಿ, "ಕೊಂಡಿಗೆ ವಿಸ್ತರಿಸುತ್ತದೆ" ಎಂದು ಅದು ಹೇಳಿದರೆ ಮಾತ್ರ ಒಪ್ಪಿಕೊಳ್ಳಿ.

ಟೋರಸ್ ಗಂಟುಗಳು (ಟ್ಯೂಬಿನಾಕಾರದ ಬಳೆಯ ಮೈಮೇಲೆ ಸುತ್ತಬಹುದಾದವು) ಹೈಪರ್ಬೋಲಿಕ್ ಅಲ್ಲ. 5_1ರ ಘನಫಲ ಕೇಳಿದರೆ ಸೊನ್ನೆಯ ಹತ್ತಿರದ ಅರ್ಥವಿಲ್ಲದ ಅಂಕಿ ಬರಬಹುದು. ಘನಫಲಕ್ಕೆ ಮೊದಲು ಪರಿಹಾರದ ಬಗೆ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಎಲ್ಲ ಚತುಷ್ಫಲಕಗಳೂ ಧನ ದಿಕ್ಕಿನವು ಎಂದು ಬರದಿದ್ದರೆ ಅಂಕಿಯನ್ನು ಬಳಸಬೇಡಿ. ಜೋಡಿಸಿ ಕಟ್ಟಿದ ಗಂಟುಗಳಿಗೂ ಇದೇ ಗತಿ. ಅವಕ್ಕೆ ಚಿತ್ರದಲ್ಲೇ ಬೇರ್ಪಡಿಸುವ ಆಜ್ಞೆ ಇದೆ, ಬೇರ್ಪಡಿಸಿ ತುಂಡು ತುಂಡಾಗಿ ಗುರುತಿಸಿ.

ಮೇಲಿನ ಮಿತಿಯ ಹುಡುಕಾಟ

ಪ್ರತಿ ಕ್ರಾಸಿಂಗ್ ಬದಲಿಸು, ಸರಳಗೊಳಿಸು, ಗುರುತಿಸು, ಮತ್ತೆ ಅದೇ. ಹೀಗೆ ನೆರೆಹೊರೆ ಬರೆದುಕೊಳ್ಳುತ್ತ ಹೋಗುವುದು ಸುಲಭ, ಆದರೆ ಕಡಿಮೆ ಕ್ರಾಸಿಂಗ್‌ನ ಚಿತ್ರವೊಂದನ್ನೇ ನಂಬಿದರೆ ಮೋಸ. 10_8ರ ಬಿಡಿಸುವ ಸಂಖ್ಯೆ 2, ಆದರೆ ಅದರ ಹತ್ತು ಕ್ರಾಸಿಂಗ್‌ಗಳ ಚಿತ್ರದಲ್ಲಿ ಮೂರು ಬದಲಿಸದೆ ಬಿಚ್ಚದು. ಬ್ಲೈಲರ್ ಮತ್ತು ನಕನಿಶಿ 1980ರ ದಶಕದಲ್ಲೇ ತೋರಿಸಿದ್ದಿದು. ಸ್ನ್ಯಾಪ್‌ಪೈಯ ಬ್ಯಾಕ್‌ಟ್ರ್ಯಾಕ್ ಆಜ್ಞೆ ಇಂಥಲ್ಲಿ ಚಿನ್ನ. ಹೆಜ್ಜೆ ಎಷ್ಟೆಂದು ಹೇಳಿದರೆ ಚಿತ್ರವನ್ನು ಯದ್ವಾತದ್ವಾ ಗೋಜಲು ಮಾಡಿಕೊಡುತ್ತದೆ. ಗೋಜಲಾದ ಚಿತ್ರದಲ್ಲಿ ಒಂದು ಕ್ರಾಸಿಂಗ್ ಬದಲಿಸಿ ಗ್ಲೋಬಲ್ ಆಗಿ ಸರಳಗೊಳಿಸಿದರೆ, ಅಚ್ಚುಕಟ್ಟಾದ ಚಿತ್ರದಲ್ಲಿ ಕಾಣದ ನೆರೆಯ ಗಂಟುಗಳು ಹೊರಬರುತ್ತವೆ. ಒಂದೇ ದೊಡ್ಡ ಗೋಜಲಿಗಿಂತ ಹಲವು ಚಿಕ್ಕ ಗೋಜಲುಗಳು ಲಾಭದಾಯಕ, ದೊಡ್ಡದರಲ್ಲಿ ಹೆಚ್ಚಿನ ಬದಲಾವಣೆಗಳು ಗುರುತು ಸಿಗದಷ್ಟು ದೊಡ್ಡ ಗಂಟಾಗಿ ಕೊನೆಯಾಗುತ್ತವೆ.

ಇಂಥ ಹುಡುಕಾಟ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನೆಬ್ರಾಸ್ಕಾದ ಮಾರ್ಕ್ ಬ್ರಿಟನ್‌ಹ್ಯಾಮ್ ಮತ್ತು ಸೂಸನ್ ಹರ್ಮಿಲರ್ 2025ರಲ್ಲಿ ಕೊಟ್ಟ ಉದಾಹರಣೆ ಇದೆ. 7_1ರ ಬಿಡಿಸುವ ಸಂಖ್ಯೆ 3. ಅದನ್ನೂ ಅದರ ಕನ್ನಡಿ ಬಿಂಬವನ್ನೂ ಜೋಡಿಸಿದರೆ 6 ಆಗಬೇಕೆಂದು ಬಹುಕಾಲದ ಊಹೆ. ಅವರು 5ರಲ್ಲಿ ಬಿಡಿಸಿ ತೋರಿಸಿದರು. ಬಿಡಿಸುವ ಸಂಖ್ಯೆ ಕೂಡಿಕೆಗೆ ಒಗ್ಗುವುದಿಲ್ಲ ಎಂದಾಯಿತು. ಅದೇ ಗಂಟಿಗೆ ಸಿಗ್ನೇಚರ್ ಕೇಳಿ ನೋಡಿ: 0. ಒಮೆಗಾದ ಘಾತವೂ 0, ಏಕೆಂದರೆ 7_1ರ ನಿರ್ಧಾರಕ 7, ಅದು 3ರಿಂದ ಭಾಗವಾಗದು. ಈ ವಿಮರ್ಶೆ ಹೊಗಳಿದ ಎರಡೂ ಅಸ್ತ್ರಗಳು ಅಲ್ಲಿ ಮೊಂಡ.

ನಾಟ್‌ಇನ್ಫೋ

ಚಾರ್ಲ್ಸ್ ಲಿವಿಂಗ್‌ಸ್ಟನ್ ಮತ್ತು ಆ್ಯಲಿಸನ್ ಮೂರ್ ನಡೆಸುವ ಈ ಪಟ್ಟಿ ಈಗ ಹದಿಮೂರು ಕ್ರಾಸಿಂಗ್‌ವರೆಗೆ ಬೆಳೆದಿದೆ. ಹನ್ನೆರಡರವರೆಗೆ 2,977 ಗಂಟುಗಳು, ಹದಿಮೂರರವೇ 9,988. ಬೇಕಾದ ಕಾಲಂ ಆರಿಸಿ ನೋಡಬಹುದು, ಪೂರ್ತಿ ಇಳಿಸಿಕೊಳ್ಳಬಹುದು, ಪೈಥಾನ್ ಪೊಟ್ಟಣವಾಗಿಯೂ ಹಾಕಿಕೊಳ್ಳಬಹುದು. ಬಿಡಿಸುವ ಸಂಖ್ಯೆಯ ಕಾಲಂ ಇದೆ. ಎರಡು ಗಂಟುಗಳ ನಡುವಿನ ದೂರಕ್ಕೆ ಕಾಲಂ ಇಲ್ಲ, ಇರಲು ಸಾಧ್ಯವೂ ಇಲ್ಲ, ಪಟ್ಟಿ ಒಂದೊಂದು ಗಂಟಿಗೆ ಒಂದೊಂದು ಸಾಲಿನದು. ಪೈಥಾನ್ ಪೊಟ್ಟಣದಲ್ಲಿ ಎಲ್ಲ ಬೆಲೆಗಳೂ ಅಕ್ಷರಮಾಲೆಗಳು. ತೀರ್ಮಾನವಾಗದ ಬಿಡಿಸುವ ಸಂಖ್ಯೆಗಳು ಚೌಕ ಆವರಣದಲ್ಲಿ ಎರಡಂಕಿಯ ವ್ಯಾಪ್ತಿಯಾಗಿ ಇರುತ್ತವೆ. ನೇರವಾಗಿ ಪೂರ್ಣಾಂಕ ಮಾಡಲು ಹೋದರೆ ಕೋಡ್ ಅಲ್ಲೇ ಬೀಳುತ್ತದೆ. ಬೀಳುವುದೇ ಒಳ್ಳೆಯದು, ಮೊದಲ ಅಕ್ಷರ ಮಾತ್ರ ತೆಗೆದುಕೊಂಡು ಮುಂದೆ ಹೋಗುವ ಕೋಡ್ ಇನ್ನೂ ಕೆಟ್ಟದ್ದು.

ಹತ್ತು ಕ್ರಾಸಿಂಗ್‌ಗಳ ಕೊನೆಯ ಹೆಸರುಗಳಲ್ಲಿ ಒಂದು ಗುಂಡಿ ಇದೆ. ರಾಲ್ಫ್‌ಸೆನ್ ಪಟ್ಟಿಯ 10_161 ಮತ್ತು 10_162 ಒಂದೇ ಗಂಟು ಎಂದು 1970ರ ದಶಕದಲ್ಲಿ ಕೆನೆತ್ ಪರ್ಕೊ ಕಂಡುಹಿಡಿದ ಮೇಲೆ, ಮುಂದಿನ ನಾಲ್ಕು ಒಂದೊಂದು ಮನೆ ಹಿಂದೆ ಸರಿದವು. ಹಳೆಯ ಲೇಖನದ 10_163 ಎಂದರೆ ನಾಟ್‌ಇನ್ಫೋದ 10_162. ಹಳೆಯ ಪಟ್ಟಿಯಿಂದ ದೂರ ನಕಲು ಮಾಡುವಾಗ ಅಲ್ಲಿ 10_166 ಎಂಬ ಹೆಸರು ಕಂಡರೆ ಅದು ಹಳೆಯ ಎಣಿಕೆ.

ಕೊಂಡಿಗಳಿಗೆ ಜೋಡಿ ಪಟ್ಟಿ ಲಿಂಕ್‌ಇನ್ಫೋ, ಹನ್ನೊಂದು ಕ್ರಾಸಿಂಗ್‌ವರೆಗೆ. ಎಲ್2ಎ1 ಎಂಬ ಹೆಸರಿನ ಬಾಲಕ್ಕೆ ಹೂ ಆವರಣದಲ್ಲಿ 0 ಅಥವಾ 1 ಇರುತ್ತದೆ, ಅದು ಬಳೆಗಳ ದಿಕ್ಕು. ಕೊಂಡಿಯ ಜೋನ್ಸ್, ಸಿಗ್ನೇಚರ್, ಲಿಂಕಿಂಗ್ ಸಂಖ್ಯೆ ಮೂರೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತವೆ, ಆದ್ದರಿಂದ ಆ ಬಾಲ ಬಿಟ್ಟು ಬರೆದ ದೂರಕ್ಕೆ ಅರ್ಥವಿಲ್ಲ.

ಬದಲಿ ತಂತ್ರಾಂಶಗಳ ಬಗ್ಗೆ ಎರಡು ಮಾತು. ಬೆನ್ ಬರ್ಟನ್ ತಂಡದ ರೆಜೀನಾದಲ್ಲಿ ಜೋನ್ಸ್, ಹೋಮ್‌ಫ್ಲೈ ಎರಡೂ ಸೇಜ್ ಇಲ್ಲದೆ ಬರುತ್ತವೆ. ಮರದಂತೆ ಬಿಡಿಸಬಹುದಾದ ಚಿತ್ರಗಳಲ್ಲಿ ಅದರ ಹೋಮ್‌ಫ್ಲೈ ತುಂಬ ವೇಗ. ಅದರ ಜೋನ್ಸ್ ಟಿ-ಯ ವರ್ಗಮೂಲದಲ್ಲಿ ಬರೆದಿರುತ್ತದೆ, ಘಾತಗಳನ್ನು ಅರ್ಧ ಮಾಡಿ ಓದಿ. ಒಮೆಗಾ ಬೆಲೆ ತೆಗೆಯುವವರಿಗೆ ಇದು ಅನುಕೂಲವೇ. ಬಹುಪದೋಕ್ತಿ ಮಾತ್ರ ಬೇಕಾದವರು, ವಿಂಡೋಸ್‌ನಲ್ಲಿರುವವರು ರೆಜೀನಾ ಹಾಕಿಕೊಳ್ಳಿ, ಸೇಜ್‌ನ ತಾಪತ್ರಯ ಬೇಡ. ಹದಿಮೂರು ಕ್ರಾಸಿಂಗ್ ಒಳಗಿನ ಗಂಟಿನ ಬಿಡಿಸುವ ಸಂಖ್ಯೆ ಮಾತ್ರ ಬೇಕಾದವರಿಗೆ ಏನೂ ಹಾಕುವುದು ಬೇಡ, ನಾಟ್‌ಇನ್ಫೋ ತೆರೆದು ಓದಿದರಾಯಿತು. ಜೋಡಿ ಜೋಡಿಯಾಗಿ ದೂರ ಕಟ್ಟುವವರಿಗೆ, ಕೊಂಡಿಗಳ ಮೇಲೆ ಕೆಲಸ ಮಾಡುವವರಿಗೆ ಸ್ನ್ಯಾಪ್‌ಪೈ ಬಿಟ್ಟರೆ ದಾರಿಯಿಲ್ಲ. ಅಂಥವರು ಪ್ರತಿ ಫಲಿತಾಂಶದ ಪಕ್ಕ ತಂತ್ರಾಂಶದ ಆವೃತ್ತಿಯನ್ನೂ, ಆ ದಿನ ಬಲಗೈ ಟ್ರೆಫಾಯಿಲ್‌ಗೆ ಅದು ಕೊಟ್ಟ ಸಿಗ್ನೇಚರ್ ಮತ್ತು ಜೋನ್ಸ್ ಬೆಲೆಗಳನ್ನೂ ಬರೆದಿಡಿ.